ಗಾತ್ರ ಮತ್ತು ಗುಣ

ನನ್ನ ಬಾಲ್ಯದಲ್ಲಿ ತುಮಕೂರಿನ ರೈಲು ನಿಲ್ದಾಣದ ಹೊರಗೆ ಜಟಕಾಗಳು ಸಾಲಾಗಿ ನಿಂತಿರುತ್ತಿದ್ದವು. ಅವುಗಳಿಗೆ ಹೂಡುತ್ತಿದ್ದುದು ಎತ್ತರದ ಕುದುರೆಗಳನ್ನಲ್ಲ, ನಾಡತಟ್ಟುಗಳನ್ನು. ಗುಬ್ಬಿಯ ಅಜ್ಜನ ಮನೆಯಿಂದ ರೈಲಿನಲ್ಲಿ ಹಿಂದಿರುಗಿದಾಗಲೆಲ್ಲ ತಂದೆಯವರು ಒಬ್ಬ ವೃದ್ಧನ ಗಾಡಿಯನ್ನೇ ಹುಡುಕಿ ಹತ್ತುತ್ತಿದ್ದರು. ಆತನ ತಟ್ಟು ಉಳಿದೆಲ್ಲವುಗಳಿಗಿಂತ ಕುಳ್ಳಾಗಿದ್ದಿತು. ಒಮ್ಮೆ ನಾನು, “ತಾತ, ನಿಮ್ಮ ಕುದುರೆ ಯಾಕೆ ಇಷ್ಟು ಚಿಕ್ಕದು?” ಎಂದು ಕೇಳಿಬಿಟ್ಟೆ. ಆತ ಬೇಸರಪಡಲಿಲ್ಲ. “ಕುದುರೇನ ಬೆನ್ನು ನೋಡಿ ಅಳೀಬಾರದು ಮಗ. ಗೊರಸು ನೋಡಬೇಕು, ಹಲ್ಲು ನೋಡಬೇಕು. ದಿಣ್ಣೆ ಹತ್ತಿದ ಮೇಲೆ ಉಸಿರು ಎಷ್ಟು ಬೇಗ ತಹಬಂದಿಗೆ ಬರ್ತದೆ ಅಂತ ನೋಡಬೇಕು” ಎಂದ. ಆ ಮಾತಿನ ಪೂರ್ಣಾರ್ಥ ನನಗೆ ತಿಳಿಯಲು ಸುಮಾರು ಐವತ್ತು ವರ್ಷಗಳು ಬೇಕಾದವು.

ಪ್ರೌಢಶಾಲೆಯಲ್ಲಿದ್ದಾಗ ಉಪಾಧ್ಯಾಯರು ನಮ್ಮನ್ನು ಕುಣಿಗಲಿನ ಕುದುರೆ ಫಾರಂಗೆ ಕರೆದೊಯ್ದರು. ಟಿಪ್ಪು ಸುಲ್ತಾನನ ಕಾಲದಲ್ಲಿ ಸೈನ್ಯದ ಕುದುರೆಗಳಿಗಾಗಿ ಪ್ರಾರಂಭವಾಯಿತೆಂದು ಹೇಳಲಾಗುವ ಆ ಕ್ಷೇತ್ರವು ಮುಂದೆ ಪಂದ್ಯದ ಕುದುರೆಗಳ ತಳಿಗೆ ಹೆಸರಾಯಿತು. ಭುಜದ ಬಳಿಯೇ ಐದು ಅಡಿಗೂ ಮಿಕ್ಕಿದ್ದ ಥರೋಬ್ರೆಡ್ ಕುದುರೆಗಳ ಮುಂದೆ ನಿಂತಾಗ ನಮ್ಮ ಜಟಕಾದ ತಟ್ಟನ್ನು ನೆನೆದು ನನಗೆ ನಾಚಿಕೆಯಾಯಿತು. ದೊಡ್ಡದೇ ಶ್ರೇಷ್ಠವೆಂದು ಅಂದು ತೀರ್ಮಾನಿಸಿಬಿಟ್ಟೆ.

ಆ ತೀರ್ಮಾನ ಅವಸರದ್ದೆಂಬುದು ಓದು ಬೆಳೆದಂತೆ ತಿಳಿಯಿತು. ಪಾಶ್ಚಾತ್ಯರು ಕುದುರೆಯ ಎತ್ತರವನ್ನು ಹಸ್ತದ ಅಗಲದಿಂದ, ಅಂದರೆ ನಾಲ್ಕು ಇಂಚಿನ ಮಾನದಿಂದ ಅಳೆಯುತ್ತಾರೆ. ಪಂದ್ಯದ ಕುದುರೆ ಸಾಮಾನ್ಯವಾಗಿ 16 ಹಸ್ತದ ಆಸುಪಾಸಿನಲ್ಲಿರುತ್ತದೆ. 1930ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಹೈಪೀರಿಯನ್ ಎಂಬ ಕುದುರೆ 15 ಹಸ್ತವನ್ನು ಸ್ವಲ್ಪವೇ ಮೀರಿದ್ದಿತು. ಆದರೂ ಅದು 1933ರ ಡರ್ಬಿ ಪಂದ್ಯವನ್ನು ಗೆದ್ದಿತು. ಅನಂತರ ಆರು ವರ್ಷಗಳಲ್ಲಿ ಬ್ರಿಟನ್ನಿನ ಅಗ್ರಮಾನ್ಯ ಪಿತೃಕುದುರೆ ಎನಿಸಿತು. ಅದರ ಎತ್ತರವನ್ನು ಮಾತ್ರ ನೋಡಿ ತಳ್ಳಿಹಾಕಿದ್ದರೆ ಒಂದು ಶ್ರೇಷ್ಠ ವಂಶವೇ ಇಲ್ಲವಾಗುತ್ತಿತ್ತು.

ಹಾಗಾದರೆ ಚಿಕ್ಕದೇ ಶ್ರೇಷ್ಠವೆ? ಈ ಪ್ರಶ್ನೆಗೆ ಉತ್ತರ ದೊರೆತದ್ದು ಕೆಲವು ವರ್ಷಗಳ ಹಿಂದೆ, ಗುಬ್ಬಿಯ ಸಮೀಪದ ಒಂದು ತೆಂಗಿನ ತೋಟದಲ್ಲಿ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿ ಒಂದು ಜೊತೆ ಕಿರುಗಾತ್ರದ ಕುದುರೆಗಳನ್ನು ಸಾಕಿದ್ದ. ಅವು ಮೇಜಿಗಿಂತ ಸ್ವಲ್ಪ ಎತ್ತರವಾಗಿದ್ದು, ನೋಡಲು ಬಲು ಮುದ್ದಾಗಿದ್ದವು. ಲಾಯದ ಗೂಟಕ್ಕೆ ಅಳತೆಯ ಪಟ್ಟಿಯೊಂದು ತೂಗುತ್ತಿತ್ತು. “ಮುಂದಿನ ಮರಿ ಇನ್ನೂ ಚಿಕ್ಕದಾಗಬೇಕು ಮೇಷ್ಟ್ರೇ. ಇಂಚು ಇಳಿದಷ್ಟೂ ಬೆಲೆ ಏರುತ್ತದೆ” ಎಂದು ಆತ ಉತ್ಸಾಹದಿಂದ ಹೇಳಿದ. ನಾನೂ ನಕ್ಕು ತಲೆಯಾಡಿಸಿದೆ.

ಹನ್ನೊಂದು ತಿಂಗಳು ತುಂಬಿ ಮರಿ ಹುಟ್ಟಿತು. ಆತ ಬಯಸಿದ್ದಕ್ಕಿಂತಲೂ ಚಿಕ್ಕದಾಗಿದ್ದಿತು. ಆದರೆ ಹಣೆ ಉಬ್ಬಿತ್ತು, ಕೆಳದವಡೆ ಮುಂಚಾಚಿತ್ತು, ಕಾಲುಗಳು ಸೊಟ್ಟಗಾಗಿದ್ದವು. ಅದಕ್ಕೆ ತಾಯಿಯ ಕೆಚ್ಚಲನ್ನು ಹಿಡಿಯಲಾಗಲಿಲ್ಲ. ಆತ ನಿದ್ದೆಗೆಟ್ಟು ಸೀಸೆಯಲ್ಲಿ ಹಾಲು ಕುಡಿಸಿದ. ಒಂಬತ್ತನೆಯ ದಿನ ಮರಿ ತೀರಿಕೊಂಡಿತು. ಸುದ್ದಿ ತಿಳಿದು ನಾನು ಹೋದಾಗ ಆತ, “ನಾನೇನು ತಪ್ಪು ಮಾಡಿದೆ ಮೇಷ್ಟ್ರೇ?” ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ಹೇಳಿದವರು ಪಶುವೈದ್ಯರು. ಚಿಕ್ಕತನದಲ್ಲಿ ಎರಡು ಬಗೆಯುಂಟಂತೆ. ಹಲವು ತಲೆಮಾರುಗಳ ಆಯ್ಕೆಯಿಂದ, ಎಲ್ಲ ಅಂಗಗಳೂ ಪ್ರಮಾಣಬದ್ಧವಾಗಿ ಕಿರಿದಾಗುವುದು ಒಂದು. ವಂಶವಾಹಿಯ ದೋಷದಿಂದ ಎಲುಬು, ಮೃದ್ವಸ್ಥಿಗಳು ಸರಿಯಾಗಿ ಬೆಳೆಯದೆ ಕುಬ್ಜವಾಗುವುದು ಇನ್ನೊಂದು. ಇಂಥ ದೋಷವು ಹೊರನೋಟಕ್ಕೆ ಕಾಣದೆ ತಂದೆತಾಯಿಗಳಲ್ಲಿ ಅಡಗಿರಬಲ್ಲುದು. ಇಬ್ಬರಲ್ಲಿಯೂ ಅದು ಇದ್ದರೆ, ಹುಟ್ಟುವ ಪ್ರತಿ ಮರಿಯೂ ಕುಬ್ಜವಾಗುವ ಸಂಭವ ನಾಲ್ಕರಲ್ಲಿ ಒಂದು ಪಾಲು. ಇಂಚನ್ನೇ ಗುರಿಯಾಗಿಟ್ಟುಕೊಂಡವನ ಕಣ್ಣಿಗೆ ದೋಷವೇ ಗುಣವಾಗಿ ಕಾಣುತ್ತದೆ. ಅದನ್ನೇ ಆತ ಆರಿಸಿ ಬೆಳೆಸುತ್ತಾನೆ. 1978ರಲ್ಲಿ ಅಮೆರಿಕದಲ್ಲಿ ಸ್ಥಾಪಿತವಾದ ಕಿರುಕುದುರೆ ಸಾಕಣೆಗಾರರ ಸಂಘವು 34 ಇಂಚನ್ನು ಗರಿಷ್ಠ ಎತ್ತರವೆಂದು ಗೊತ್ತುಪಡಿಸಿದೆ. ಆದರೆ ಕುಬ್ಜತೆಯ ಲಕ್ಷಣವುಳ್ಳ ಕುದುರೆ ಎಷ್ಟೇ ಚಿಕ್ಕದಾಗಿದ್ದರೂ ಅವರ ಪ್ರದರ್ಶನದಲ್ಲಿ ಅನರ್ಹ. 2006ರಲ್ಲಿ ಜಗತ್ತಿನ ಅತಿ ಚಿಕ್ಕ ಕುದುರೆಯೆಂದು ಗಿನ್ನೆಸ್ ದಾಖಲೆಗೆ ಸೇರಿದ ಥಂಬೆಲಿನಾ ಹದಿನೇಳೂವರೆ ಇಂಚು ಎತ್ತರವಿದ್ದಿತು. ಜನ ಬೆರಗಾಗಿ ನೋಡಿದರು. ಆದರೆ ಅದೂ ಕುಬ್ಜವೇ. ಅದರ ಕಾಲುಗಳಿಗೆ ಆಧಾರಪಟ್ಟಿ ಕಟ್ಟಬೇಕಾಗಿದ್ದಿತು.

ನನ್ನ ಶಿಷ್ಯ ಆ ಜೊತೆಯನ್ನು ಮತ್ತೆ ಕೂಡಿಸಲಿಲ್ಲ. ಮರುವರ್ಷ ನಾನು ತೋಟಕ್ಕೆ ಹೋದಾಗ ಗೂಟದಲ್ಲಿ ಅಳತೆಯ ಪಟ್ಟಿ ಇರಲಿಲ್ಲ. ಆತ ಹೆಣ್ಣುಕುದುರೆಯ ಮುಂಗಾಲನ್ನು ಮಡಿಲಿಗೆ ಎತ್ತಿಕೊಂಡು ಗೊರಸಿನ ಕೆಸರನ್ನು ಬಿಡಿಸುತ್ತ ಕುಳಿತಿದ್ದ. ನನಗೆ ಥಟ್ಟನೆ ಜಟಕಾದ ತಾತ ನೆನಪಾದ.

‘ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು’ ಎಂಬ ಗಾದೆಯನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ. ಅದರಲ್ಲಿನ ಒಂದು ಪದವನ್ನು ಮಾತ್ರ ಗಮನಿಸಿರಲಿಲ್ಲ. ಗಾದೆ ‘ಚಿಕ್ಕದಾದರೂ’ ಎನ್ನುತ್ತದೆ, ‘ಚಿಕ್ಕದಾದುದರಿಂದ’ ಎನ್ನುವುದಿಲ್ಲ. ಕೀರ್ತಿಗೆ ಕಾರಣ ಬೇರೆಯೇ ಇರಬೇಕು. ಮೂರ್ತಿ ದೊಡ್ಡದಾದಾಗಲೂ ಈ ಮಾತು ಅಷ್ಟೇ ನಿಜ.