ಏಳಡಿ ಅಗಲದ ನೀರು

ಇಂಗ್ಲೆಂಡಿನ ನಡುನಾಡಿನ ಹೆಚ್ಚಿನ ಕಾಲುವೆಗಳಲ್ಲಿ, ದೋಣಿಯನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಗೇಟಿನ ತೊಟ್ಟಿಯಾದ ಲಾಕ್‌ನ ಅಗಲ 7 ಅಡಿ. ಅದರೊಳಗೆ ಹೋಗಬೇಕಾದ ನ್ಯಾರೋಬೋಟಿನ ಅಗಲ 6 ಅಡಿ 10 ಇಂಚು. ಉದ್ದ 70 ಅಡಿವರೆಗೂ ಇರಬಹುದು. ಬದಿಗೊಂದು ಇಂಚು ಬಿಟ್ಟರೆ ಉಳಿದದ್ದೆಲ್ಲ ಕಲ್ಲಿನ ಗೋಡೆ. ಈ ಅಳತೆ 1760ರ ದಶಕದಲ್ಲಿ ಜೇಮ್ಸ್ ಬ್ರಿಂಡ್ಲಿ ಟ್ರೆಂಟ್ ಅಂಡ್ ಮರ್ಸಿ ಕಾಲುವೆಯನ್ನು ಯೋಜಿಸುವಾಗ ನೆಲೆಗೊಂಡದ್ದು. ಗುಡ್ಡದಡಿ ಸುರಂಗ ಕೊರೆಯಬೇಕಿತ್ತು, ಅಗಲ ಹೆಚ್ಚಿದಷ್ಟೂ ಖರ್ಚು. ಲಾಕ್ ದೊಡ್ಡದಾದಷ್ಟೂ ನೀರು ಹೆಚ್ಚು ಬೇಕು. ಆಮೇಲೆ ಮರದ ದೋಣಿ ಉಕ್ಕಿನದಾಯಿತು, ಕುದುರೆ ಹೋಗಿ ಡೀಸೆಲ್ ಬಂತು, ಕಲ್ಲಿದ್ದಲು ತುಂಬುತ್ತಿದ್ದ ಜಾಗದಲ್ಲಿ ಹಾಸಿಗೆ, ಅಡುಗೆಮನೆ, ಪುಸ್ತಕದ ಕಪಾಟು ಬಂದವು. ಅಳತೆ ಮಾತ್ರ ಹಾಗೇ ಇದೆ.

ನಾನು ಈ ನೀರಿಗೆ ಬಂದದ್ದು 1980ರ ದಶಕದ ಕೊನೆಯಲ್ಲಿ. ಕೊವೆಂಟ್ರಿಯ ಕಾರ್ಖಾನೆಯೊಂದರಲ್ಲಿ ಕೆಲಸ. ಜೊತೆಯವರು ಕೆಲವರು ಸೇರಿ ಒಂದು ಹಳೆಯ ದೋಣಿ ಕೊಂಡಾಗ ನಾನೂ ಪಾಲು ಹಾಕಿದೆ. ಅದನ್ನು ನಡೆಸಲು ಕಲಿಸಿದ್ದು ದೋಣಿಯಲ್ಲೇ ಹುಟ್ಟಿ ಬೆಳೆದ ಒಬ್ಬ ಹೆಂಗಸು. ಆಗಲೇ ಅಜ್ಜಿಯ ವಯಸ್ಸು. ಸರಕು ಸಾಗಣೆ ನಿಂತ ಮೇಲೆ ದಡದ ಮನೆ ಸೇರಿದ್ದರು. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಬ್ರಾನ್‌ಸ್ಟನ್‌ನಿಂದ ಲಂಡನ್‌ವರೆಗಿನ ಪ್ರತಿ ಸೇತುವೆಯ ಕೆಳಗೆ ಹೂಳು ಯಾವ ಬದಿಗಿದೆ ಎಂಬುದು ಬರುತ್ತಿತ್ತು. ಚುಕ್ಕಾಣಿ ನನ್ನ ಕೈಗೆ ಕೊಟ್ಟು ಅವರು ಹೇಳಿದ್ದು, ಎಂಜಿನ್ನಿನ ಕಡೆ ಗಮನ ಬೇಡ, ದಡದ ನೀರು ನೋಡು ಅಂತ.

ಆ ಮಾತಿನ ತೂಕ ತಿಳಿಯಲು ಕಾಲ ಹಿಡಿಯಿತು. ಕಾಲುವೆಯೆಂದರೆ ಆಳವಿಲ್ಲದ ತೊಟ್ಟಿ. ಇಪ್ಪತ್ತು ಟನ್ ತೂಕದ ದೋಣಿ ಮುಂದೆ ಹೋಗಬೇಕಾದರೆ ಅದು ತಳ್ಳಿದ ನೀರು ಎರಡು ಬದಿಯಿಂದ ಹಿಂದಕ್ಕೆ ಹರಿದು ಬರಬೇಕು. ವೇಗ ಹೆಚ್ಚಿಸಿದರೆ ಹಿಂಭಾಗ ಕುಸಿದು ತಳದ ಕೆಸರಿಗೆ ಹತ್ತಿರವಾಗುತ್ತದೆ, ಎಂಜಿನ್ ಕೂಗಿಕೊಂಡರೂ ದೋಣಿ ನಿಧಾನವಾಗುತ್ತದೆ. ಹಿಂದೆ ಏಳುವ ಅಲೆ ದಡಕ್ಕೆ ಬಡಿದು ಒಡೆಯತೊಡಗಿದರೆ ವೇಗ ಮಿತಿಮೀರಿತೆಂದೇ ಅರ್ಥ. ನಿಯಮದ ಮಿತಿ ಗಂಟೆಗೆ 4 ಮೈಲಿ. ಅನೇಕ ಕಡೆ ನೀರು ಅಷ್ಟಕ್ಕೂ ಒಪ್ಪುವುದಿಲ್ಲ.

ಎದುರಿನಿಂದ ದೋಣಿ ಬಂದಾಗ ಹೊಸಬರು ಬೇಗನೆ ಬಲದಂಚಿಗೆ ಸರಿದು ಕೆಸರಲ್ಲಿ ಕೂರುತ್ತಾರೆ. ಅಜ್ಜಿ ಕಲಿಸಿದ್ದು ಬೇರೆ. ನಡುವಿನಲ್ಲೇ ಬಾ, ಇನ್ನೊಂದು ದೋಣಿಯುದ್ದ ಉಳಿದಾಗ ಬಲಕ್ಕೆ ಸ್ವಲ್ಪ ಸರಿ. ಎರಡು ಮೂತಿಗಳ ನಡುವಿನ ನೀರೇ ಅವನ್ನು ದೂರ ತಳ್ಳುತ್ತದೆ. ದೋಣಿಗಳು ಅಕ್ಕಪಕ್ಕ ಬಂದ ಮೇಲೆ ಅದೇ ನೀರು ಹಿಂಭಾಗಗಳನ್ನು ಒಂದರತ್ತ ಒಂದು ಎಳೆಯುತ್ತದೆ. ಆ ಎಳೆತ ನಿನ್ನನ್ನು ಮತ್ತೆ ನಡುವಿಗೆ ತರುತ್ತದೆ, ಬಿಡು. ಎದುರಿನವನೂ ಇದನ್ನೇ ಬಲ್ಲವನಾಗಿದ್ದರೆ ಕೈಯಳತೆಯಲ್ಲಿ ಇಬ್ಬರೂ ಹಾದುಹೋಗುತ್ತೇವೆ, ಯಾರೂ ವೇಗ ಬದಲಿಸಬೇಕಿಲ್ಲ. ಅಂದು ಎದುರಾದವರಲ್ಲಿ ಅಂಥವರು ಇನ್ನೂ ಸಿಗುತ್ತಿದ್ದರು.

ಹಳಬರಿಗೆ ಈ ವಿದ್ಯೆ ಬಂದದ್ದು ಅನಿವಾರ್ಯವಾಗಿ. ಮೋಟಾರ್ ಇದ್ದ ಒಂದು ದೋಣಿ, ಅದರ ಹಿಂದೆ ಎಂಜಿನ್ ಇಲ್ಲದ ಇನ್ನೊಂದು. ಅದಕ್ಕೆ ಬಟ್ಟಿ ಅನ್ನುತ್ತಿದ್ದರು. ಜೋಡಿಯಲ್ಲಿ ಸುಮಾರು 50 ಟನ್ ಕಲ್ಲಿದ್ದಲು. ಬಟ್ಟಿಗೆ ಬ್ರೇಕೂ ಇಲ್ಲ, ಹಿಂದಕ್ಕೆ ತಿರುಗುವ ಪ್ರೊಪೆಲರೂ ಇಲ್ಲ. ಲಾಕ್ ಒಳಗೆ ಬರುವಾಗ ದಡದ ಗೂಟಕ್ಕೆ ಹಗ್ಗ ಸುತ್ತಿ, ಅದನ್ನು ಉಜ್ಜಿಕೊಂಡು ಜಾರಲು ಬಿಟ್ಟು ನಿಲ್ಲಿಸಬೇಕು. ಹಗ್ಗವನ್ನು ಕೈಗೆ ಸುತ್ತಿಕೊಂಡರೆ ಬೆರಳು ಹೋದಂತೆಯೇ. ಬಹಳ ಮಟ್ಟಿಗೆ ಬಟ್ಟಿಯ ಚುಕ್ಕಾಣಿ ಹೆಂಗಸರದು. ಎರಡನೇ ಮಹಾಯುದ್ಧದಲ್ಲಿ ಕೈಗಳು ಸಾಲದಾದಾಗ ನಗರದ ಯುವತಿಯರಿಗೆ ತರಬೇತಿ ಕೊಟ್ಟು ಇದೇ ಕೆಲಸಕ್ಕೆ ಇಳಿಸಿದರು.

ಆ ಬದುಕು ಚೆನ್ನಾಗಿತ್ತೆಂದು ನಾನು ಹೇಳಲಾರೆ. ಹತ್ತಡಿ ಉದ್ದವೂ ಇಲ್ಲದ ಕ್ಯಾಬಿನ್‌ನಲ್ಲಿ ಇಡೀ ಸಂಸಾರ. ಸಂಬಳ ಸಾಗಿಸಿದ ಸರಕಿನ ಲೆಕ್ಕದಲ್ಲಿ. ಮಕ್ಕಳಿಗೆ ಶಾಲೆ ದೂರದ ಮಾತು. ಕಾಲುವೆ ದೋಣಿಗಳ ಕುರಿತ 1877 ಮತ್ತು 1884ರ ಕಾಯಿದೆಗಳು ಬಂದ ಮೇಲೂ ಅದು ನೀಗಲಿಲ್ಲ. ಇಂದು ಅಂಗಡಿಗಳಲ್ಲಿ ಮಾರುವ ತಗಡಿನ ಚೊಂಬುಗಳ ಮೇಲೆ ದೋಣಿಗಳ ಹಳೆಯ ಅಲಂಕಾರವಾದ ಗುಲಾಬಿ, ಕೋಟೆಗಳ ಚಿತ್ರ ಕಂಡಾಗ ನನಗೆ ಅಜ್ಜಿಯ ಸೀಳುಬಿಟ್ಟ ಬೆರಳುಗಳೇ ಮೊದಲು ಕಾಣುತ್ತವೆ. ಹಳೆಯ ದಿನ ಮರಳಿ ಬರಲಿ ಅಂತ ಅವರ ಬಾಯಲ್ಲಿ ನಾನು ಕೇಳಲಿಲ್ಲ. 1962–63ರ ಚಳಿಗಾಲದಲ್ಲಿ ಕಾಲುವೆಗಳು ವಾರಗಟ್ಟಲೆ ಹೆಪ್ಪುಗಟ್ಟಿ ನಿಂತವು, ಸರಕು ಲಾರಿಗೆ ಹೋಯಿತು, ಹಿಂತಿರುಗಲಿಲ್ಲ. ಲಂಡನ್ನಿನ ಸೌಥಾಲ್‌ನ ಜಾಮ್ ಕಾರ್ಖಾನೆಗೆ ಕಲ್ಲಿದ್ದಲು ಒಯ್ಯುತ್ತಿದ್ದ ದೋಣಿಗಳ ಕೊನೆಯ ಸಾಗಣೆ 1970ರಲ್ಲಿ. ದೂರದ ಸಾಗಣೆಯ ಕಾಲ ಅಲ್ಲಿಗೆ ಮುಗಿಯಿತೆನ್ನಬಹುದು.

ನಾನು ಕಂಡ ಕಾಲುವೆಯೂ ಸುಂದರವೇನಲ್ಲ. ಬರ್ಮಿಂಗ್‌ಹ್ಯಾಮ್ ನಗರದೊಳಗೆ ಕಾರ್ಖಾನೆಗಳ ಹಿಂಗೋಡೆಗಳ ನಡುವೆ ಎಣ್ಣೆ ತೇಲುವ ನೀರು. ಪ್ರೊಪೆಲರ್‌ಗೆ ಏನಾದರೂ ಸುತ್ತಿಕೊಂಡರೆ ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು ಜೇಬಿಗಿಟ್ಟು, ಹಿಂಭಾಗದ ನೆಲದಲ್ಲಿರುವ ವೀಡ್ ಹ್ಯಾಚ್‌ನ ಮುಚ್ಚಳ ಬಿಚ್ಚಿ, ತೋಳು ಮುಳುಗುವವರೆಗೆ ಕೈ ಇಳಿಸಿ, ಚಾಕುವಿನಿಂದ ಕತ್ತರಿಸಬೇಕು. ಪ್ಲಾಸ್ಟಿಕ್ ಚೀಲ, ತಂತಿ, ಹಾಸಿಗೆಯ ಸ್ಪ್ರಿಂಗು. ನೈಲಾನ್ ಸೀರೆಯೂ ಸಿಕ್ಕಿದ್ದುಂಟು; ಅದು ಬಿಗಿದಷ್ಟು ಯಾವ ಹಗ್ಗವೂ ಬಿಗಿಯದು. ಮುಚ್ಚಳವನ್ನು ಮತ್ತೆ ಸರಿಯಾಗಿ ಬಿಗಿಯದೆ ಎಂಜಿನ್ ಶುರುಮಾಡಿದರೆ ದೋಣಿಯೊಳಗೆ ನೀರು ನುಗ್ಗುತ್ತದೆ. ಇಂದು ಅದೇ ನಗರದ ಕಾಲುವೆಯಂಚಿನ ಗ್ಯಾಸ್ ಸ್ಟ್ರೀಟ್ ಸುತ್ತಮುತ್ತ ಹೋಟೆಲು, ಫ್ಲ್ಯಾಟುಗಳು. ನೀರಿನ ಕಡೆ ಬೆನ್ನು ಹಾಕಿದ್ದ ಊರು ಈಗ ಮುಖ ಮಾಡಿ ಕೂತಿದೆ. ಇದು ನಿಜಕ್ಕೂ ಒಳ್ಳೆಯದಾಯಿತು, ಹಿಂದಿನದಕ್ಕೆ ಹಂಬಲಿಸುವವರ ಜೊತೆ ನಾನಿಲ್ಲ.

ಲಾಕ್ ನಡೆಸುವ ಕೆಲಸ ಮಾತ್ರ ಅಂದಿನಂತೆಯೇ ಉಳಿದಿದೆ. ಮಂಡ್ಯದ ಕಡೆಯ ನನಗೆ ಪ್ಯಾಡಲ್ ಅರ್ಥವಾಗಲು ಕಷ್ಟವಾಗಲಿಲ್ಲ. ಅದು ನಮ್ಮ ಕೆರೆಯ ತೂಬಿನಂಥದ್ದು. ವಿಂಡ್ಲಾಸ್ ಎಂಬ ಕೈಹಿಡಿಯಿಂದ ತಿರುಗಿಸಿ ಏರಿಸಿದರೆ ನೀರು ಹರಿಯುತ್ತದೆ. ಮೇಲೇರುವಾಗ ಮೊದಲು ನೆಲದಡಿಯ ಪ್ಯಾಡಲ್, ಅದೂ ಅರ್ಧ. ಗೇಟಿನಲ್ಲಿರುವ ಪ್ಯಾಡಲನ್ನು ಅವಸರದಲ್ಲಿ ಎತ್ತಿದರೆ ನೀರು ನೇರ ದೋಣಿಯ ಮುಂಭಾಗದ ಮೇಲೆ ಸುರಿದು ಒಳಗೆ ನುಗ್ಗುತ್ತದೆ. ಅದರ ಕಿಂಡಿ ನೀರಲ್ಲಿ ಮುಳುಗುವವರೆಗೆ ಕಾಯಬೇಕು. ಇಳಿಯುವಾಗ ಅಪಾಯ ಬೇರೆ. ಮೇಲಿನ ಗೇಟಿನ ಬುಡದಲ್ಲಿ ಸಿಲ್ ಎಂಬ ಹೊಸ್ತಿಲು ಒಳಕ್ಕೆ ಚಾಚಿರುತ್ತದೆ, ತುಂಬಿದ ಲಾಕ್‌ನಲ್ಲಿ ಅದು ಕಾಣುವುದಿಲ್ಲ. ದೋಣಿಯ ಹಿಂಭಾಗ ಅದರ ಮೇಲೆ ಕೂತು ಮುಂಭಾಗ ನೀರಿನ ಜೊತೆ ಇಳಿದರೆ ಕೆಲವೇ ನಿಮಿಷದಲ್ಲಿ ಮುಳುಗಡೆ. ಗೋಡೆಯ ಮೇಲಿನ ಬಿಳಿ ಗುರುತಿನಿಂದ ದೋಣಿಯ ಹಿಂಭಾಗ ಮುಂದಿರಬೇಕು, ಚುಕ್ಕಾಣಿ ಹಿಡಿದವರು ಬೇರೆಲ್ಲೂ ನೋಡಬಾರದು. ತಗುಲಿತೆಂದರೆ ಮೊದಲು ಕೆಳಗಿನ ಪ್ಯಾಡಲ್ ಇಳಿಸಿ ನೀರು ಹೊರಹೋಗುವುದನ್ನು ತಡೆಯಬೇಕು, ಆಮೇಲೆ ಮೇಲಿನಿಂದ ನಿಧಾನಕ್ಕೆ ತುಂಬಬೇಕು. ಇದನ್ನು ಹತ್ತು ಸಲ ಹೇಳಿದರೂ ಹೆಚ್ಚಲ್ಲ.

ವಾರ್ವಿಕ್ ಬಳಿಯ ಹ್ಯಾಟನ್‌ನಲ್ಲಿ 21 ಲಾಕ್‌ಗಳು ಸಾಲಾಗಿವೆ, ಒಟ್ಟು ಏರಿಕೆ 146 ಅಡಿ. 1930ರ ದಶಕದಲ್ಲಿ ಅಲ್ಲಿ ಅಗಲದ ಲಾಕ್ ಕಟ್ಟಿದರು, ಎರಡು ನ್ಯಾರೋಬೋಟ್ ಅಕ್ಕಪಕ್ಕ ನಿಲ್ಲುತ್ತವೆ. ಕೆಳಗೆ ಕಾದು ಜೊತೆ ಸಿಕ್ಕವರೊಂದಿಗೆ ಏರುವುದು ಅಂದಿನ ರೂಢಿ: ಎರಡು ದೋಣಿಗೆ ಒಂದೇ ಲಾಕ್‌ನ ನೀರು. ಇಬ್ಬರೂ ಸಮನಾಗಿ ಒಳಗೆ ಬಂದರೆ ಅರ್ಧ ಕೆಲಸ ಉಳಿತಾಯವಾಗುತ್ತದೆ, ಒಬ್ಬರು ಮುಂದೆ ಹೋಗಿ ಮೇಲಿನದನ್ನು ಸಿದ್ಧ ಮಾಡಿರುತ್ತಾರೆ. ಈಗ ನೀಲಿ ಅಂಗಿಯ ಸ್ವಯಂಸೇವಕರು ಬಂದು ನೆರವಾಗುತ್ತಾರೆ. ಮಳೆಯಲ್ಲೂ ನಗುಮುಖದಿಂದ ವಿಂಡ್ಲಾಸ್ ತಿರುಗಿಸುವ ಅವರ ಮೇಲೆ ನನಗೆ ಗೌರವವಿದೆ. ಆದರೆ ಕಾಯುವ ರೂಢಿ ಸಡಿಲವಾಗಿದೆ. ಒಂಟಿ ದೋಣಿಗೆ ಇಡೀ ಅಗಲದ ಲಾಕ್ ಖಾಲಿಮಾಡಿಕೊಂಡು ಹೋಗುವವರನ್ನು ಬೇಸಿಗೆಯ ಬರದಲ್ಲೂ ಕಾಣುತ್ತೇನೆ.

ದೋಣಿಗಳು ಕಡಿಮೆಯಾಗಿಲ್ಲ, ಹೆಚ್ಚಾಗಿವೆ. 2012ರಲ್ಲಿ ಬ್ರಿಟಿಷ್ ವಾಟರ್‌ವೇಸ್‌ನಿಂದ ಇಂಗ್ಲೆಂಡ್, ವೇಲ್ಸ್‌ನ ಕಾಲುವೆಗಳನ್ನು ವಹಿಸಿಕೊಂಡ ಕೆನಾಲ್ ಅಂಡ್ ರಿವರ್ ಟ್ರಸ್ಟ್‌ನ ನೀರಿನಲ್ಲಿ ಈಗ 35 ಸಾವಿರದ ಆಸುಪಾಸು ದೋಣಿಗಳಿವೆ. ಅವುಗಳಲ್ಲಿ ವಾಸಿಸುವವರ ಪೈಕಿ ಮನೆಬಾಡಿಗೆ ಭರಿಸಲಾಗದೆ ದೋಣಿಗೆ ಬಂದವರು ಬಹಳ. ಖಾಯಂ ತಂಗುದಾಣ ಇಲ್ಲದವರು 1995ರ ಕಾಯಿದೆಯಂತೆ ಒಂದೇ ಕಡೆ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ, ಮಗುವಿನ ಶಾಲೆ ಇದ್ದರೂ ಮುಂದೆ ಸಾಗಬೇಕು. ಹೊಸ ದೋಣಿಗಳಲ್ಲಿ ಸೋಲಾರ್ ಹಲಗೆ, ಬಟ್ಟೆ ಒಗೆಯುವ ಯಂತ್ರ, ಮೂತಿಯನ್ನು ಅಡ್ಡಡ್ಡ ತಳ್ಳುವ ಬೌ ಥ್ರಸ್ಟರ್. ಗಾಳಿಯ ದಿನ ಮುದುಕರೊಬ್ಬರೇ ದೋಣಿ ತಿರುಗಿಸಬೇಕಾದಾಗ ಬೌ ಥ್ರಸ್ಟರ್ ಉಪಕಾರಿಯೇ. ನನ್ನ ಆತಂಕ ಇಷ್ಟೇ: ಶಕ್ತಿ ಕೈಗೆ ಸಿಕ್ಕ ಮೇಲೆ ನೀರು ನೋಡುವುದು ತಪ್ಪುತ್ತದೆ. ಕಟ್ಟಿ ನಿಲ್ಲಿಸಿದ ದೋಣಿಗಳ ಪಕ್ಕದಲ್ಲಿ ವೇಗವಾಗಿ ಹೋದರೆ ಅವುಗಳ ಹಗ್ಗ ಜಗ್ಗಿ ಗೂಟ ಕಿತ್ತುಬರುತ್ತದೆ, ಒಳಗೆ ಒಲೆಯ ಮೇಲಿನ ಪಾತ್ರೆ ಉರುಳುತ್ತದೆ. ಹಾದುಹೋದವನಿಗೆ ಅದು ಗೊತ್ತೇ ಆಗುವುದಿಲ್ಲ.

ಇನ್ನೊಂದು ವಿಷಯ ಲಾಕ್ ಗೇಟುಗಳದು. ಇವು ಓಕ್ ಮರದವು, ವೇಕ್‌ಫೀಲ್ಡ್ ಬಳಿಯ ಸ್ಟ್ಯಾನ್ಲಿ ಫೆರಿಯಂಥ ಕಾರ್ಯಾಗಾರದಲ್ಲಿ ಒಂದೊಂದನ್ನೂ ಅಳತೆ ಹಿಡಿದು ಮಾಡುತ್ತಾರೆ. ಬಾಳಿಕೆ ಸುಮಾರು 25 ವರ್ಷ. ಆದರೆ ಅವನ್ನು ಬದಲಿಸುವ ಟ್ರಸ್ಟಿಗೆ 2027ರಿಂದ ಸರ್ಕಾರದ ಅನುದಾನ ವರ್ಷಕ್ಕೆ ಶೇಕಡಾ 5ರಂತೆ ಇಳಿಯುತ್ತ ಹೋಗುತ್ತದೆಂದು 2023ರಲ್ಲೇ ಪ್ರಕಟವಾಗಿದೆ. ಅದು ತಪ್ಪು ನಿರ್ಧಾರವೆಂದೇ ನನ್ನ ಅಭಿಪ್ರಾಯ. ಗೇಟು ಸೋರತೊಡಗಿದರೆ ಒಳಗಿನ ನೀರು ಹೊರಗಿನ ಮಟ್ಟಕ್ಕೆ ಬರಲು ತಡವಾಗುತ್ತದೆ, ಎರಡು ಬೆರಳಿನಷ್ಟು ವ್ಯತ್ಯಾಸ ಉಳಿದರೂ ಗೇಟು ತೆರೆಯದು. ಆಗ ಕೆಲವರು ದೋಣಿಯ ಮೂತಿಯಿಂದ ಗೇಟನ್ನು ಒತ್ತಿ, ಎಂಜಿನ್ ಜೋರು ಮಾಡುತ್ತಾರೆ. ಸೋರುವ ಗೇಟಿನ ಕೀಲು ಇನ್ನಷ್ಟು ಸಡಿಲವಾಗುತ್ತದೆ. ಈಗ ನನ್ನ ಹತ್ತಿರ ಕಲಿಯಲು ಬರುವ ಹುಡುಗರಿಗೆ ನಾನು ಹೇಳುವುದು, ಹಿಂದಿನ ಗೇಟಿನ ಪ್ಯಾಡಲ್‌ಗಳು ಪೂರ್ತಿ ಇಳಿದಿವೆಯೇ ಹೋಗಿ ನೋಡಿ, ಸಂದಿಗೆ ಕಸ ಸಿಕ್ಕಿದ್ದರೆ ತೆಗೆಯಿರಿ, ಆಮೇಲೆ ಗೇಟಿನ ತೊಲೆಗೆ ಬೆನ್ನು ಕೊಟ್ಟು ನಿಲ್ಲಿ, ತಳ್ಳಬೇಡಿ, ಒರಗಿ. ನೀರು ಸಮವಾದ ಕೂಡಲೇ ಗೇಟು ತಾನಾಗಿ ಸಡಿಲುತ್ತದೆ.