ಎಲೆಕ್ಟ್ರಿಫಿಕೇಶನ್‌ಗೆ ಪ್ರಸ್ತಾರ ಹಾಕಿ

ತಳಕಲ್‌ನ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿಗೆ ಕನ್ನಡ ಮಾಧ್ಯಮದಿಂದ ಬರುವ ಮಕ್ಕಳಿಗೆ ಒಂದು ಮಾತು. ಉದ್ದನೆಯ ಇಂಗ್ಲಿಷ್ ಪದಕ್ಕೆ ಹೆದರಬೇಡಿ, ಹೈಸ್ಕೂಲಿನ ಲಘು-ಗುರು ನೆನಪಿಸಿಕೊಳ್ಳಿ.

ಎಲೆಕ್ಟ್ರಿಫಿಕೇಶನ್. ಬಿಡಿಸಿದರೆ ಎ-ಲೆಕ್-ಟ್ರಿ-ಫಿ-ಕೇ-ಶನ್, 6 ಉಚ್ಚಾರಾಂಶ. ನಮ್ಮ ಪ್ರಸ್ತಾರದಲ್ಲಿ ಲೆಕ್, ಕೇ, ಶನ್ ಗುರು. ಇಂಗ್ಲಿಷಿನವರೂ ಮುಖ್ಯ ಒತ್ತು ಕೊಡುವುದು ‘ಕೇ’ಗೆ, ಸಣ್ಣ ಒತ್ತು ‘ಲೆಕ್’ಗೆ! ಕೈಕೊಡುವುದು ‘ಶನ್’ ಮಾತ್ರ. ನಮ್ಮಲ್ಲಿ ಗುರುವಾದ ಅದು ಅವರಲ್ಲಿ ಮೆತ್ತಗಾಗಿ ಹೋಗುತ್ತದೆ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಅದರ ಪಾಲಿನ ಉಸಿರು ಸಿಗುತ್ತದೆ. ಇಂಗ್ಲಿಷಿನಲ್ಲಿ ಒತ್ತು ಸಿಗದ ಸ್ವರ ಬಹಳ ಸಲ ಕುಗ್ಗುತ್ತದೆ. ನಮ್ಮ ಮಕ್ಕಳು ತೊಡರುವುದು ಇಲ್ಲೇ, ಬುದ್ಧಿ ಕಡಿಮೆಯಾಗಿ ಅಲ್ಲ.

ಒತ್ತು ಜಾಗ ಬದಲಿಸುತ್ತದೆ ಕೂಡ. ಎಲೆಕ್ಟ್ರಿಕ್‌ನಲ್ಲಿ 2ನೆಯದಕ್ಕೆ, ಎಲೆಕ್ಟ್ರಿಸಿಟಿಯಲ್ಲಿ 3ನೆಯದಕ್ಕೆ, ಎಲೆಕ್ಟ್ರಿಫಿಕೇಶನ್‌ನಲ್ಲಿ 5ನೆಯದಕ್ಕೆ. ಪದದ ಕೊನೆಗೆ ಇಕ್, ಇಟಿ, ಶನ್ ಬಂದರೆ ಸಾಮಾನ್ಯವಾಗಿ ಅದರ ಹಿಂದಿನ ಉಚ್ಚಾರಾಂಶವೇ ಒತ್ತು ಹೊರುತ್ತದೆ. ಈ ಒಂದು ಸೂತ್ರಕ್ಕೆ ನೂರಾರು ಪದ ಸಿಗುತ್ತವೆ. ಯೂನಿವರ್ಸಿಟಿ, ಕಮ್ಯುನಿಕೇಶನ್, ಸೈಂಟಿಫಿಕ್: ಇವತ್ತೇ ಬಾಯಿಬಿಟ್ಟು ಹೇಳಿ ನೋಡಿ.