ಇಬ್ಬರು ಬೀಗಿತ್ತೇರು, ಒಂದು ರಿಮೋಟು

ಮೊನ್ನೆ ಆಯಿತವಾರ ಮುಂಜಾನೆ ಮೆಂತೆಪಲ್ಯ ಸೋಸ್ಕೋತ ಕೂತಿದ್ದೆ, ಅಮೆರಿಕಾದಿಂದ ಮೊಮ್ಮಗಳ ವಿಡಿಯೋ ಕಾಲ್ ಬಂತು. ಎರಡೂ ಕೈಯಾಗ ಎರಡು ಸಣ್ಣ ಕಡ್ಡಿ ಹಿಡಕೊಂಡು ಕೋಳಿ ರೆಕ್ಕಿ ಬಡದಂಗ ಬಡೀಲಿಕ್ಕೆ ಹತ್ತಿದ್ದಳು. "ಅಜ್ಜಿ, ಈ ಆಟ ನೋಡು, ನಗೂದು ತಡಕೊಳ್ಳಿಕ್ಕೆ ಆಗೂದಿಲ್ಲ" ಅಂದ್ಲು. 'ವಾರಿಯೋವೇರ್: ಮೂವ್ ಇಟ್' ಅಂತ, 2023ರಾಗ ಬಂದದ್ದು. ನಾನಂದೆ, "ಅದರ ಹಿರೇ ಅಕ್ಕ ಒಬ್ಬಾಕಿ ಇದ್ಲವಾ. ನೀನು ತೊಟ್ಲಾಗಿದ್ದಾಗ ನಿನ್ನ ಇಬ್ರೂ ಅಜ್ಜೇರು ಆಕಿ ಜೋಡಿ ಕುಣದಾರ." ಹುಡುಗಿ ನಂಬಲಿಲ್ಲ. ನೀವೂ ನಂಬೂದಿಲ್ಲ, ಗೊತ್ತದ. ಅದಕ್ಕ ಬರೀಲಿಕ್ಕೆ ಕೂತೀನಿ. ಬರೀಲೇನ್ರಿ ಅಂತ ಬೀಗಿತ್ತೇರಿಗೆ ಫೋನ್ ಹಚ್ಚಿ ಕೇಳೀನಿ, ಯಾಕಂದ್ರ ಇದರಾಗ ಅವರ ಸಂಗತಿ ಅದ, ನನ್ನ ತಪ್ಪಿನ ಸಂಗತಿನೂ ಅದ. "ಬರೀರಿ, ಆದ್ರ ನನ್ನ ಸೊಂಟದ ಸುದ್ದಿ ಹೆಚ್ಚಿಗೆ ಬರೀಬ್ಯಾಡ್ರಿ" ಅಂದಾರ.

2006ರ ದಸರಾ ಆದ ಮ್ಯಾಲೆ ಅವರು ಮಗನ ಮನಿಗೆ ರೆಡ್ಮಂಡಿಗೆ ಹೋಗಿದ್ರು. ಮಗಳ ಬಾಣಂತನಕ್ಕಂತ ನಾನು ಡಿಸೆಂಬರದಾಗ ಹೋದೆ. ಅವರು ಹೊರಡೂದು ಮಾರ್ಚಿಗೆ. ಅಂದ್ರ ಮೂರು ತಿಂಗಳು ಇಬ್ಬರು ಬೀಗಿತ್ತೇರು ಒಂದೇ ಅಡಗಿಮನಿ. ಹೊರಗ ಜಿಟಿಜಿಟಿ ಮಳಿ, ಸಂಜಿ ನಾಕೂವರಿಗೇ ಕತ್ತಲಿ. ಎಲ್ಲಿಗೆ ಹೋಗ್ತೀರಿ ಸಿಟ್ಟು ಬಂದ್ರ? ಕಟ್ಟಿ ಇಲ್ಲ, ಹಿತ್ತಲ ಇಲ್ಲ, ಬಾಜೂಮನಿಯವರ ಮಾರಿ ಸೈತ ಕಾಣೂದಿಲ್ಲ.

ಸಿಟ್ಟು ಅಂದ್ರ ಜಗಳದ ಸಿಟ್ಟಲ್ಲ. ಅವರು ನನ್ನ ಜೋಡಿ ಮಾತೇ ಆಡತಿರಲಿಲ್ಲ. ಆಡಿದ್ರೂ ಮಗನ ಕಡೆಯಿಂದ. "ಬಾಣಂತಿಗೆ ಸಬ್ಬಸಗಿ ಹಾಕಲಿಕ್ಕೆ ಹೇಳಪ್ಪಾ ನಿಮ್ಮತ್ತಿಗೆ." ನಾನು ಎರಡು ಮಾರು ದೂರ ಒಲಿ ಮುಂದೇ ನಿಂತಿರ್ತಿದ್ದೆ. ಅಳವಿ ಪಾಯಸ ಮಾಡಿಟ್ರ ಉಣ್ಣತಿದ್ರು, ಚಲೋ ಆಗೇದ ಅಂತ ಒಂದು ದಿನ ಅನ್ನಲಿಲ್ಲ.

ಕಾರಣ ನನಗ ಗೊತ್ತಿತ್ತು. 2003ರಾಗ ಹುಬ್ಬಳ್ಳ್ಯಾಗ ಮದುವಿ. ಅಕ್ಷತಿ ಬಿದ್ದ ಮ್ಯಾಲೆ ಮದುಮಕ್ಕಳಿಗೆ ಆರತಿ ಮಾಡೂ ಹೊತ್ತು. ಅವರು ತಾಯಿ, ಮಗನಿಗೆ ಬೆಳಗಲಿಕ್ಕೆ ತಾಟಿಗೆ ಕೈ ಹಚ್ಚಿದ್ರು. ನಮ್ಮ ಕಡೆ ಹಿರಿಯರೊಬ್ಬರು, ಅವರು ಈಗಿಲ್ಲ, ಎಲ್ಲಾರಿಗೂ ಕೇಳೂಹಂಗ ಅಂದ್ರು, "ಮುತ್ತೈದೇರು ಮುಂದ ಬರ್ರಿ, ಉಳಿದವರು ಸ್ವಲ್ಪ ಹಿಂದ ಸರೀರಿ." ಅಲ್ಲಿ 'ಉಳಿದವರು' ಅಂದ್ರ ಅವರೊಬ್ಬರೇ. ಗಂಡ ತೀರಿಕೊಂಡು ಹನ್ನೊಂದು ವರ್ಷ, ಒಬ್ಬ ಮಗನ್ನ ಮಾಸ್ತರಕಿ ಮಾಡಿ ಓದಿಸಿದ ಹೆಣಮಗಳು. ತಾಟು ಅಲ್ಲೇ ಇಟ್ಟು ಕಂಬದ ಹಿಂದ ಸರದ್ರು. ನಾನು ಬಾಜೂಕ ನಿಂತಿದ್ದೆ, ಸೆರಗು ಸರೀ ಮಾಡಿಕೊಂಡೆ. ಒಂದು ಮಾತು ಆಡಲಿಲ್ಲ. ಮದುವಿ ಸಾಂಗ ಆದ್ರ ಸಾಕಂತ ಅವತ್ತು ನನ್ನ ಮನಸ್ಸಿಗೆ ಹೇಳಿಕೊಂಡೆ. ಆಮ್ಯಾಲೆ ಅದನ್ನೇ ಎಷ್ಟು ಸಲ ಹೇಳಿಕೊಂಡೀನೋ.

ಇರಲಿ. ಸಂಕ್ರಮಣದ ಹಿಂದುಮುಂದ ಮೊಮ್ಮಗಳು ಹುಟ್ಟಿದ್ಲು. ಅದೇ ತಿಂಗಳ ಕೊನೀಗೆ ಅಳಿಯ ಒಂದು ಬಿಳೀ ಡಬ್ಬಿ ಹಿಡಕೊಂಡು ಬಂದಾ. 'ವೀ' ಅಂತ ಅದರ ಹೆಸರು. ಆಗ ಅಂಗಡ್ಯಾಗ ಸಿಗತಿರಲಿಲ್ಲಂತ, ನಸುಕಿನ್ಯಾಗ ಪಾಳಿ ಹಚ್ಚಿ ತಂದಿದ್ದ. ಮಾಡಿದ ಕಂಪನಿ ನಿಂಟೆಂಡೋ ಜಪಾನಿಂದು, ಅದರ ಅಮೆರಿಕಾದ ದೊಡ್ಡ ಆಫೀಸು ಅದೇ ರೆಡ್ಮಂಡಿನಾಗ. ಊರಾಗ ಕಂಪನಿ ಇಟಗೊಂಡು ಅಂಗಡ್ಯಾಗ ಪಾಳಿ ಹಚ್ಚೂದು ನೋಡ್ರಿ! ಅದರ ಜೋಡಿ ತಂದ ಆಟ 'ವಾರಿಯೋವೇರ್: ಸ್ಮೂತ್ ಮೂವ್ಸ್', ಆ ಜನವರಿ 15ಕ್ಕ ಅಮೆರಿಕಾದಾಗ ಬಿಡುಗಡಿ ಆಗಿತ್ತು.

ವಾರಿಯೋ ಅಂದ್ರ ಹಳದಿ ಟೊಪಗಿ, ಗರಗಸದ ಹಲ್ಲಿನಂಥ ಮೀಸಿ, ದೊಡ್ಡ ಹೊಟ್ಟಿ. ನಮ್ಮ ಬಯಲಾಟದ ರಾಕ್ಷಸಗ ತಮ್ಮ ಆಗಬೇಕು. ಆದ್ರ ಆಟ ಅವನದಲ್ಲ, ರಿಮೋಟಿಂದು. ಮೊದಲು ಒಬ್ಬಂವ ಭಾಳ ಶಾಂತ ದನಿಯಾಗ, ಯೋಗಾಸನ ಕಲಿಸೂ ಮಾಸ್ತರರಂಗ, ರಿಮೋಟು ಹ್ಯಾಂಗ ಹಿಡೀಬೇಕಂತ ಹೇಳ್ತಾನ. ಒಮ್ಮೆ ಛತ್ರಿ ಹಿಡದಂಗ. ಒಮ್ಮೆ ಅಂಗೈ ಮ್ಯಾಲೆ ತಾಟು ಇಟಗೊಂಡಂಗ, ಅದಕ್ಕ ಹೋಟೆಲ್ ಮಾಣಿ ಅಂತ ಹೆಸರು. ಒಮ್ಮೆ ಮೂಗಿಗೆ ಹಚ್ಚಿ ಆನಿ ಸೊಂಡಿ. ಒಮ್ಮೆ ನಡುವಿಗೆ. ಒಮ್ಮೆ ನೆತ್ತಿ ಮ್ಯಾಲೆ. ಹಂಗ ನಿಂತ ಕೂಡ್ಲೇ ಟಿವಿಯಾಗ ಒಂದು ಚಿತ್ರ, ಒಂದೇ ಒಂದು ಶಬ್ದದ ಹುಕುಂ, ಕೆಳಗ ಬಾಂಬಿನ ಬತ್ತಿ ಉರೀತಿರ್ತದ. ಬತ್ತಿ ಮುಗಿಯೂದರಾಗ, ಅಂದ್ರ ನಾಕೈದು ಸೆಕೆಂಡಿನ್ಯಾಗ, ಏನು ಮಾಡಬೇಕಂತ ತಿಳಕೊಂಡು ಮಾಡಿ ಮುಗಸಬೇಕು. ಮುಗೀತೋ ಇನ್ನೊಂದು. ಹಿಂತಾವು ಇನ್ನೂರಕ್ಕಿಂತ ಹೆಚ್ಚು, ಆಡಿದಂಗ ಆಡಿದಂಗ ಓಟ ಜೋರ. ಒಂದರಾಗ ಅಜ್ಜಿ ಬಾಯಾಗ ಹಲ್ಲಿನ ಸೆಟ್ಟು ಕೂಡಸಬೇಕು. ನಾನು ಆಕಿ ಮೂಗಿಗೆ ಒಯ್ದಿದ್ದೆ.

ಒಂದು ರಿಮೋಟಿನ್ಯಾಗ ಹನ್ನೆರಡು ಮಂದಿ ತನಕ ಆಡಬಹುದು, ಒಬ್ಬರ ಕೈಯಿಂದ ಒಬ್ಬರಿಗೆ ದಾಟಿಸಿಕೋತ. ಆದ್ರ ಹಂಗ ಕೂಡಿ ಆಡೂದು ತೆರೀಬೇಕಂದ್ರ ಮೊದಲು ಒಬ್ಬರೇ ಇಡೀ ಆಟ ಆಡಿ ಮುಗಸಬೇಕಂತ. ಅಳಿಯ ಕೂಸಿನ್ನ ಮಲಗಿಸಿಕೋತ ಎರಡು ರಾತ್ರಿ ಆಡಿ ಮುಗಿಸಿದಾ. ನಾವು ತಿಳಕೊಂಡಿದ್ವಿ ಕೂಸಿನ ಚಾಕರಿ ಮಾಡ್ತಾನಂತ!

ಆ ಕಡ್ಡಿಗೆ ನಾವು ಕೈ ಆಡಿಸಿದ್ದು ಹ್ಯಾಂಗ ತಿಳೀತದ ಅಂತ ಕೇಳಿದವರು ಬೀಗಿತ್ತೇರೇ. ಮಾಸ್ತರಬಾಯಿ ಅಲ್ಲಾ. ಅಳಿಯ ಹೇಳಿದಾ: ಅದರ ಹೊಟ್ಯಾಗ ಅಲುಗಾಟ ಅಳಿಯೂ ಸಣ್ಣ ಚಿಪ್ ಅದ, ಮೂತಿಯೊಳಗ ಒಂದು ಕ್ಯಾಮರಾ. ಟಿವಿ ಮ್ಯಾಲಿನ ಪಟ್ಟಿ ಏನೂ ನೋಡೂದಿಲ್ಲ, ಎರಡೂ ತುದಿಗೆ ಕಣ್ಣಿಗೆ ಕಾಣದ ಬೆಳಕು ಬಿಡ್ತದ, ಅಷ್ಟೇ. ರಿಮೋಟೇ ಆ ಎರಡು ಬೆಳಕು ನೋಡಿ ತಾ ಎಲ್ಲಿ ತೋರಸ್ತೀನಂತ ತಿಳಕೋತದ. "ಆ ಪಟ್ಟಿ ತಗದು ಎರಡು ಮೇಣಬತ್ತಿ ಇಟ್ರೂ ನಡೀತದವ್ವಾ" ಅಂದಾ. ಅವರು ಅಂದ್ರು, "ಹಂಗಾರ ಎರಡು ನೀಲಾಂಜನ ಇಟ್ರೂ ನಡೀತದೇನು?" ಎಲ್ಲಾರೂ ನಕ್ಕೆವು. ನಾನೂ ನಕ್ಕೆ, ಅರ್ಧಕ್ಕ ನಿಂತಿತು ನಗಿ. ಅವರೂ ನನ್ನ ಕಡೆ ನೋಡಲಿಲ್ಲ.

ಮೊದಲನೇ ದಿನ ರಿಮೋಟಿನ ಪಟ್ಟಿ ಕೈಗೆ ಕಟ್ಟಿಕೊಳ್ಳೂದೇ ಒಂದು ಆಟ. ಮಂದಿ ಜೋರಿನ್ಯಾಗ ಬೀಸಿ, ಪಟ್ಟಿ ಹರದು, ರಿಮೋಟು ಹೋಗಿ ಟಿವಿಗೆ ಬಡದದ್ದು ಆಗ ದೊಡ್ಡ ಸುದ್ದಿ ಆಗಿತ್ತು. ಡಿಸೆಂಬರದಾಗ ಕಂಪನಿಯವರು 32 ಲಕ್ಷ ಪಟ್ಟಿ ಬದಲಿ ಮಾಡಿ ಕೊಡ್ತೀವಿ ಅಂತ ಹೇಳಿದ್ರು. ಅದಕ್ಕ ಅಳಿಯಂದು ಕಟ್ಟುನಿಟ್ಟು, ಪಟ್ಟಿ ಇಲ್ಲದ ಆಡೂಹಂಗಿಲ್ಲ. ನನ್ನ ಕೈಗೆ ಡಜನ್ ಹಸರ ಬಳಿ, ಎರಡು ಬಂಗಾರದ್ದು. ಪಟ್ಟಿ ಬಳಿಯೊಳಗ ಸಿಗಬೀಳೂದು. ನನ್ನ ಪಾಳಿ ಬಂದಾಗೆಲ್ಲಾ ಅರ್ಧ ಬತ್ತಿ ಅಲ್ಲೇ ಸುಡೂದು. ಬೀಗಿತ್ತೇರ ಕೈ ಬರೀದು. ಸಟ್ಟನ ಕೂಡೂದು ಪಟ್ಟಿ. ಅವರು ಹಂಗ ಸರಾಗ ಹಾಕ್ಕೊಳ್ಳೂದು ನೋಡಿದಾಗೆಲ್ಲಾ ನನಗ ಹೊಟ್ಯಾಗ ಒಂಥರಾ ಆಗೂದು.

ಆಡೂದರಾಗ ಅವರೇ ಹುಷಾರ. ನಡುವಿಗೆ ರಿಮೋಟು ಹಚ್ಚಿ ಬಳಿ ತಿರಗಿಸೂ ಆಟ ಬಂತು, ಆ ದೊಡ್ಡ ಪ್ಲಾಸ್ಟಿಕ್ ಬಳಿ ಸೊಂಟದ ಸುತ್ತ ತಿರಗಸ್ತಾರಲ್ಲಾ, ಅದು. ಅರವತ್ತರ ಹೆಣಮಗಳು, ಇಳಕಲ್ ಸೀರಿ ನೆರಗಿ ಒಂದು ಕೈಯಾಗ ಹಿಡದು... ಇಷ್ಟಕ್ಕ ಬಿಡ್ತೀನಿ, ಮಾತು ಕೊಟ್ಟೀನಿ. ನನ್ನ ಮಗಳು ಹೊಲಗಿ ಹಾಕಿದ ಹೊಟ್ಟಿ ಒತ್ತಿ ಹಿಡಕೊಂಡು "ಅತ್ತೀ ಸಾಕ್ರಿ, ನಗಸಬ್ಯಾಡ್ರಿ" ಅಂತ ಅಳೂಹಂಗ ನಕ್ಕಳು.

ಆವಾಗ್ಗೆ ತಿಳೀತು ನೋಡ್ರಿ ನನಗ. ರಿಮೋಟು ಅವರ ಕೈಯಿಂದ ನನ್ನ ಕೈಗೇ ಬರಬೇಕು, ಮಗ ನಡುವ ಇಲ್ಲ. ಬತ್ತಿ ಉರೀತಿರ್ತದ. "ಹಿಡೀರಿ ಬೀಗರ, ಹಿಡೀರಿ, ಮೂಗಿಗೆ, ಮೂಗಿಗೆ!" ಮೂರು ವರ್ಷದಾಗ ಅವರು ನನಗ ನೆಟ್ಟಗ ಆಡಿದ ಮೊದಲನೇ ಮಾತು ಅದು.

ನಾಕೈದು ದಿನ ಹಂಗ ನಡೀತು. ಒಂದಿನ ಸಂಜಿಗೆ ಸಮುರಾಯಿ ಭಂಗಿ ಬಂತು. ರಿಮೋಟು ಸೊಂಟದ ಮಗ್ಗಲಕ ಹಿಡೀಬೇಕು, ಒರಿಯಾಗಿನ ಖಡ್ಗ ಹಿರದಂಗ ಸರ್ರನ ಹಿರೀಬೇಕು. ಪಾಳಿ ಬೀಗಿತ್ತೇರದು. ನಾನು ಮುಂದಿನಾಕಿ ಅಂತ ಹತ್ರಾನೇ ನಿಂತಿದ್ದೆ. ಅವರು ಹಿರದ್ರು, ರಿಮೋಟು ಬಂದು ನನ್ನ ಮುಂಗೈಗೆ ಬಡೀತು. ಛಟ್ ಅಂತ ಹಸರ ಬಳಿ ಎರಡು ಕೆಳಗ ಬಿದ್ವು.

ಟಿವಿಯಾಗಿನ ಸಂಗೀತ ಒಂದು ಬಿಟ್ರ ಮನ್ಯಾಗ ಉಸರಿಲ್ಲ. ಊರಾಗ ನಮ್ಮವರಿಗೆ ಆಗ ಎದಿನೋವು ಕಾಣಿಸಿಕೊಂಡು ಗುಳಿಗಿ ನಡದಿತ್ತು, ಅದು ಎಲ್ಲಾರಿಗೂ ಗೊತ್ತು. ಬೀಗಿತ್ತೇರ ಮಾರಿ ಬೆಳ್ಳಗಾತು. ನನ್ನ ಕೈ ನೋಡಲಿಲ್ಲ ಅವರು, ನನ್ನ ಮಾರಿ ನೋಡಿದ್ರು. ಹುಬ್ಬಳ್ಳ್ಯಾಗ ತಾಟು ಇಡೂ ಮುಂದ ಹ್ಯಾಂಗ ನೋಡಿದ್ರೋ, ಹಂಗೇ. ಆಮ್ಯಾಲೆ ಒಂದು ಹೆಜ್ಜಿ ಹಿಂದ ಸರದ್ರು.

ಖರೆ ಹೇಳ್ತೀನಿ, ನನ್ನ ಎದಿನೂ ಧಸಕ್ಕಂತು. ಅಂಥಾ ಏನೂ ಆಗಲಿಲ್ಲ ಅಂತ ಬರದ್ರ ಸುಳ್ಳಾಗ್ತದ. ಆದ್ರ ಬಾಯಿ ನನಗಿಂತ ಮೊದಲ ಎದ್ದಿತ್ತು. "ಬಳಿ ಹೆಚ್ಚಿದ್ವು, ಹೆಚ್ಚಲಿ ಬಿಡ್ರಿ. ಹಿಂದ್ಯಾಕ ಸರೀತೀರಿ? ನನ್ನ ಪಾಳಿ ಅದ, ಕೊಡ್ರಿ ಇಲ್ಲೆ." ಕೈ ಚಾಚಿದೆ. ಅವರು ಕೊಡಲಿಲ್ಲ, ಪಟ್ಟಿ ಬಿಚ್ಚಲಿಕ್ಕೇ ಬರವಲ್ದಾಗಿತ್ತು, ಕೈ ನಡಗ್ತಿತ್ತು. ನಾನೇ ಬಿಚ್ಚಿದೆ. ಉಳಿದ ಬಳಿ ಸರಿಸಿ ಕಟ್ಟಿಕೊಂಡೆ, ಆಡಿದೆ, ಸೋತೆ. ಬಳಿಚೂರು ಆರಿಸೂ ಮುಂದ ಅವರೂ ಬಾಜೂಕ ಕುಕ್ಕರಗಾಲ್ಲೆ ಕೂತು ಆರಿಸಿದ್ರು.

ಮರುದಿನ ಅಂಟಿನುಂಡಿ ಕಟ್ಟೂಮುಂದ ನಾನೇ ತಗದೆ. "ಬೀಗರ, ತೊಟ್ಲಾಗ ಹಾಕೂ ದಿನ ಕೂಸಿಗೆ ಮೊದಲ ಆರತಿ ನೀವು ಮಾಡಬೇಕು." ಅವರು ಉಂಡಿ ಕಟ್ಟೂದು ನಿಲ್ಲಸಲಿಲ್ಲ. "ನನಗ ಆರತಿ ಬ್ಯಾಡ್ರಿ. ಆ ತಾಟಿನ ಆಶಾ ನನಗ ಅವತ್ತೂ ಇರಲಿಲ್ಲ. ನೀವು ಒಂದು ಮಾತು ಅನ್ನಬೇಕಾಗಿತ್ತು." "ಹೌದು" ಅಂದೆ. "ಅನ್ನಬೇಕಾಗಿತ್ತು. ಅಂಜಿದೆ." ಅವರು ಇನ್ನಷ್ಟು ಬಿಸಿ ಪಾಕ ನನ್ನ ಕಡೆ ಸರಿಸಿ, "ಲಗೂನ ಕಟ್ರಿ, ಆರಿದ್ರ ಉದರ್ತದ" ಅಂದ್ರು. ಅಷ್ಟೇ ಆತು ಮಾತು. ಅಪ್ಪಿಕೊಂಡು ಅಳೂದು ಗಿಳೂದು ಏನಿಲ್ಲ. ಸಬ್ಬಸಗಿ ವಿಷಯಕ್ಕ ಮಾರ್ಚ್ ತನಕ ಕಿರಿಕಿರಿ ನಡದೇ ಇತ್ತು, ಈಗ ಮಾತ್ರ ನೆಟ್ಟಗ ನನಗೇ ಹೇಳ್ತಿದ್ರು.

ಫೆಬ್ರವರಿಯಾಗ ತೊಟ್ಲಾಗ ಹಾಕಿದ್ವಿ. ಅಂಗಡಿಯ ಕಟಗಿ ತೊಟ್ಲಾ, ಅದಕ್ಕ ನನ್ನ ಜರದ ಸೀರಿ ಸುತ್ತಿದ್ವಿ. ನಿಮಗ ಗೊತ್ತೇ ಅದ, ಕೂಸಿನ್ನ ತೊಟ್ಲದ ಕೆಳಗಿಂದ ಒಬ್ಬಾಕಿ ಕೊಡಬೇಕು, ಆ ಕಡೆ ನಿಂತಾಕಿ ತಗೊಂಡು ಮ್ಯಾಲಿಂದ ಕೊಡಬೇಕು. ಅಳಿಯನ ಗೆಳ್ಯಾರ ಹೆಂಡಂದಿರು ನಾಕು ಮಂದಿ ಮುಂದ ಬಂದ್ರು. "ನಿಲ್ರೆವಾ" ಅಂದೆ. "ಆ ಕಡೆ ನಮ್ಮ ಬೀಗರು ನಿಂದರ್ತಾರ." ಕೋಲಿ ತುಂಬ ಮಂದಿ ಇದ್ದಾಗ ಗಟ್ಟಿಯಾಗೇ ಅಂದೆ. ಅವರು ಕದದ ಹತ್ತಿರ ನಿಂತಿದ್ರು. ಬಂದ್ರು. ಕೂಸಿನ್ನ ಎತ್ತಿ ನಾನು ಕೆಳಗಿಂದ ಚಾಚಿದೆ. ಮಂಡಿನೋವು, ಬಗ್ಗಲಿಕ್ಕೆ ಇಬ್ಬರಿಗೂ ತಡಾ ಆಗೂದು. ಹಿಂದಿಂದ ಅಳಿಯ ಅಂದಾ, "ಲಗೂ ಲಗೂ, ಬತ್ತಿ ಮುಗೀಲಿಕ್ಕೆ ಬಂತು!"

ಬೀಗಿತ್ತೇರು ತೊಟ್ಲದ ಕೆಳಗಿಂದಾನೇ ನನ್ನ ಮಾರಿ ನೋಡಿ ಕಿಸಕ್ಕನ ನಕ್ರು. "ಬಿಡ್ರಿ ಬೀಗರ, ಹಿಡದೀನಿ" ಅಂದ್ರು.